ವೈರಿಲ್ಲದ ರೇಡಿಯೊಗೆ ಕರೆಂಟು

ನಮಸ್ಕಾರ.

ಹಳೆ ಮನೆ ಕೆಡಹುವಾಗಲೋ ಅಟ್ಟ ಗುಡಿಸುವಾಗಲೋ ಎಷ್ಟೋ ಜನರ ಕೈಗೆ ಒಂದು ರೇಡಿಯೊ ಸಿಗುತ್ತದೆ. ಮರದ ಪೆಟ್ಟಿಗೆ, ಮುಂದೆ ಗಾಜಿನ ಡಯಲ್, ಹಿಂದೆ ಜೇಡರ ಬಲೆ. ಧೂಳು ಒರೆಸಿ ತಿರುಗಿಸಿ ನೋಡಿದರೆ ಗೋಡೆಗೆ ಚುಚ್ಚುವ ವೈರೇ ಇರುವುದಿಲ್ಲ. ಅದರ ಜಾಗದಲ್ಲಿ ನಾಲ್ಕು ತೂತಿನ ಸಾಕೆಟ್ಟೋ ಗಂಟುಬಿದ್ದ ಬಣ್ಣದ ಎಳೆಗಳೋ ಇರುತ್ತವೆ. ‘ಯಾರೋ ವೈರ್ ಕತ್ತರಿಸಿಕೊಂಡು ಹೋಗಿದ್ದಾರೆ’ ಅಂದುಕೊಂಡು, ಎರಡು ಎಳೆ ಆರಿಸಿ, ಪ್ಲಗ್ ಕಟ್ಟಿ, 230 ವೋಲ್ಟಿಗೆ ಚುಚ್ಚುವ ಧೈರ್ಯವಂತರಿದ್ದಾರೆ. ಅಲ್ಲಿಗೆ ಆ ಸೆಟ್ಟಿನ ಕಥೆ ಮುಗಿಯಿತು. ವೈರನ್ನು ಯಾರೂ ಕತ್ತರಿಸಿರುವುದಿಲ್ಲ. ಅದು ಹುಟ್ಟಿದಾಗಿನಿಂದ ಬ್ಯಾಟರಿಯ ಮೇಲೇ ನಡೆದ ವಾಲ್ವ್ ರೇಡಿಯೊ, ಅಂದರೆ ಟ್ರಾನ್ಸಿಸ್ಟರಿನ ಜಾಗದಲ್ಲಿ ಗಾಜಿನ ಕೊಳವೆಗಳಿರುವ ರೇಡಿಯೊ. ಅದನ್ನು ಮತ್ತೆ ಮಾತಾಡಿಸುವುದು ಹೇಗೆ, ಅದಕ್ಕೂ ಮೊದಲು ಅದನ್ನು ನಮ್ಮ ಕೈಯಾರೆ ಸುಡದೆ ಇರುವುದು ಹೇಗೆ ಅನ್ನುವುದು ಇವತ್ತಿನ ಮಾತು.

ವಾಲ್ವ್ ಅಂದರೆ ಕರೆಂಟು ಬೇಕು, ಬ್ಯಾಟರಿ ಅಂದರೆ ಟ್ರಾನ್ಸಿಸ್ಟರು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ಒಂದು ಕಾಲಕ್ಕೆ ನಮ್ಮ ಹಳ್ಳಿಗಳಿಗೆ ಕರೆಂಟಿಗಿಂತ ಮುಂಚೆ ರೇಡಿಯೊ ಬಂದಿತ್ತು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರಲ್ಲಿ, ಬೆಂಗಳೂರಿನ ಬೀದಿಗಳಿಗೆ ಬಂದದ್ದು 1905ರಲ್ಲಿ. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವ್ಯಾಟ್‌ನ ಪುಟ್ಟ ಪ್ರಸಾರಕ ಇಟ್ಟು ಆಕಾಶವಾಣಿ ಶುರುಮಾಡಿದ್ದು 1935ರಲ್ಲಿ. ಧಾರವಾಡ ನಿಲಯ 1950ರಲ್ಲಿ, ಬೆಂಗಳೂರು ನಿಲಯ 1955ರಲ್ಲಿ ಬಂದವು. ಆ ಹೊತ್ತಿಗೂ ಕಂಬ ಕಾಣದ ಊರುಗಳೇ ಹೆಚ್ಚು. ಅಲ್ಲಿ ಗೌಡರ ಜಗಲಿಯಲ್ಲೋ ಶಾಲೆಯಲ್ಲೋ ಪಂಚಾಯಿತಿ ಕಟ್ಟೆಯಲ್ಲೋ ವಾರ್ತೆ ಓದುತ್ತಿದ್ದದ್ದು ಇಂಥ ಸೆಟ್ಟೇ. ಮರ್ಫಿ, ಫಿಲಿಪ್ಸ್, ಬುಷ್, ಎಚ್‌ಎಂವಿ ಹೀಗೆ ಹೆಸರು ಬೇರೆಬೇರೆ, ಒಳಗಿನ ಲೆಕ್ಕ ಹೆಚ್ಚುಕಡಿಮೆ ಒಂದೇ.

ಆ ಲೆಕ್ಕ ಕೇಳಿ. ಈ ರೇಡಿಯೊಗಳಿಗೆ ಒಂದಲ್ಲ, ಎರಡು ಬ್ಯಾಟರಿ ಬೇಕು. ಒಂದು, ವಾಲ್ವಿನೊಳಗಿನ ಫಿಲಮೆಂಟನ್ನು, ಅಂದರೆ ಬಲ್ಬಿನಲ್ಲಿರುವಂಥ ತೆಳು ತಂತಿಯನ್ನು, ಕಾಯಿಸುವುದಕ್ಕೆ. ಬರೀ 1.4 ವೋಲ್ಟ್, ಅಂದರೆ ಟಾರ್ಚಿನ ಒಂದು ಶೆಲ್ಲು. ಇದಕ್ಕೆ ಎಲ್.ಟಿ. (ಲೋ ಟೆನ್ಷನ್, ಕಡಿಮೆ ವೋಲ್ಟು) ಅನ್ನುತ್ತಾರೆ. ಇನ್ನೊಂದು, ವಾಲ್ವಿನೊಳಗಿನ ಪ್ಲೇಟ್ ಎಂಬ ತಗಡಿಗೆ ಬೇಕಾದ 90 ವೋಲ್ಟ್. ಇದು ಎಚ್.ಟಿ. (ಹೈ ಟೆನ್ಷನ್, ಹೆಚ್ಚು ವೋಲ್ಟು). ಒಂದೂವರೆ ವೋಲ್ಟಿನ 60 ಶೆಲ್ಲುಗಳನ್ನು ಸಾಲಾಗಿ ಜೋಡಿಸಿ, ಮೇಣ ಸುರಿದು, ರಟ್ಟಿನ ಡಬ್ಬಿಗೆ ತುಂಬಿದರೆ 90 ವೋಲ್ಟಿನ ಪ್ಯಾಕ್. ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು ನಾಲ್ಕು ಪಿನ್ನಿನ ಸಾಕೆಟ್ ಕೊಟ್ಟು ಮಾರುತ್ತಿದ್ದರು. ಹೊರಲು ಭಾರ, ಕೊಳ್ಳಲು ದುಬಾರಿ. ನಾನು ಬಿಚ್ಚಿದ ಒಂದು ಸೆಟ್ಟಿನ ಹಿಂದಿನ ಮುಚ್ಚಳದ ಒಳಮೈಯಲ್ಲಿ ಯಾರೋ ಸೀಸದ ಕಡ್ಡಿಯಲ್ಲಿ ಬ್ಯಾಟರಿ ಹಾಕಿದ ದಿನಗಳನ್ನು ಒಂದರ ಕೆಳಗೊಂದು ಬರೆದಿದ್ದರು: ಯುಗಾದಿ, ಗೌರಿ ಹಬ್ಬ, ಸಂಕ್ರಾಂತಿ, ಮತ್ತೆ ಗೌರಿ ಹಬ್ಬ. ಇಸವಿ ಬರೆಯುವ ಅಗತ್ಯ ಅವರಿಗೆ ಕಂಡಿರಲಿಲ್ಲ. ಎರಡು ಬ್ಯಾಟರಿಯ ನಡುವೆ ಎಷ್ಟು ಹಬ್ಬ ದಾಟಿತು ಅನ್ನುವುದಷ್ಟೇ ಅವರ ಲೆಕ್ಕವಿರಬೇಕು. ಅಷ್ಟು ಬಿಗಿ ಕೈಯಲ್ಲಿ ರೇಡಿಯೊ ಕೇಳುತ್ತಿದ್ದ ಕಾಲ.

ವಾಲ್ವ್ ಮಾಡುವವರ ಕೈಯೂ ಅಷ್ಟೇ ಬಿಗಿ. ಸಾಮಾನ್ಯವಾಗಿ ಕಾಣುವ ನಾಲ್ಕು ವಾಲ್ವುಗಳ ಹೆಸರು ಹೇಳುತ್ತೇನೆ: ಡಿಕೆ 91, ಡಿಎಫ್ 91, ಡಿಎಎಫ್ 91, ಡಿಎಲ್ 92. ಮೊದಲ ಅಕ್ಷರ ಡಿ ಆಗಿದ್ದರೆ ಅದು 1.4 ವೋಲ್ಟಿನ ಫಿಲಮೆಂಟು. ಮನೆಯ ಕರೆಂಟಿನ ಸೆಟ್ಟುಗಳಲ್ಲಿ ಇ ಅಕ್ಷರ ಕಾಣುತ್ತದೆ, ಅದು 6.3 ವೋಲ್ಟು. ಮೊದಲ ಮೂರು ವಾಲ್ವು ತಲಾ 50 ಮಿಲಿ ಆಂಪಿಯರ್, ಕೊನೆಯದು 100, ಒಟ್ಟು 250. ಆಮೇಲೆ ಬಂದ 96ರ ಸರಣಿಯಲ್ಲಿ ಅದೂ ಅರ್ಧಕ್ಕಿಳಿಯಿತು. ಇಷ್ಟು ಕಡಿಮೆ ಕರೆಂಟಿನಲ್ಲಿ ಕಾಯಬೇಕಾದರೆ ಫಿಲಮೆಂಟು ಎಷ್ಟು ತೆಳುವಾಗಿರಬೇಕು ಯೋಚಿಸಿ. ಕೂದಲಿಗಿಂತ ತೆಳು. ಉರಿಯುವಾಗಲೂ ಬೆಳಕು ಕಾಣುವುದಿಲ್ಲ. ಕತ್ತಲೆ ಕೋಣೆಯಲ್ಲಿ ಕಣ್ಣು ಹತ್ತಿರ ಒಯ್ದರೆ ಒಂದು ಮಂಕು ಕೆಂಪು ಗೆರೆ, ಅಷ್ಟೆ.

ಅಪಾಯ ಇರುವುದೂ ಅಲ್ಲೇ. ಮನೆ ಕರೆಂಟಿನ ವಾಲ್ವ್ ರೇಡಿಯೊ ಬಿಚ್ಚುವಾಗ ನಿಮ್ಮ ಜೀವದ ಮೇಲೆ ನಿಗಾ ಇಡಬೇಕು. ಬ್ಯಾಟರಿ ಸೆಟ್ಟು ಬಿಚ್ಚುವಾಗ ಅದರ ಜೀವದ ಮೇಲೂ ಇಡಬೇಕು. ಎಚ್.ಟಿ. ಎಳೆ ಜಾರಿ ಎಲ್.ಟಿ. ಪಿನ್ನಿಗೆ ತಾಗಿದರೆ ನಾಲ್ಕೂ ವಾಲ್ವು ಒಟ್ಟಿಗೆ ಹೋಗುತ್ತವೆ. ಶಬ್ದವಿಲ್ಲ, ಹೊಗೆಯಿಲ್ಲ. ಈ ವಾಲ್ವುಗಳನ್ನು ಈಗ ಯಾರೂ ಮಾಡುತ್ತಿಲ್ಲ. ನಮ್ಮ ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿ ಶುರುಮಾಡಿತು. ಮರುವರ್ಷವೇ ಅದೇ ಕಾರ್ಖಾನೆಯಲ್ಲಿ ವಾಲ್ವಿನ ಜಾಗ ಕಸಿದ ಟ್ರಾನ್ಸಿಸ್ಟರಿನ ಜಾತಿಯ ಜರ್ಮೇನಿಯಂ ಅರೆವಾಹಕಗಳೂ ಬಂದವು. ವಾಲ್ವಿನ ತೊಟ್ಟಿಲೂ ಚಟ್ಟವೂ ಒಂದೇ ಸೂರಿನಡಿ ಸಿದ್ಧವಾದಂತೆ. ಈಗ ಉಳಿದಿರುವುದು ಹಳೆ ದಾಸ್ತಾನು ಮಾತ್ರ.

ಹಾಗಾಗಿ ಕರೆಂಟು ಕೊಡುವುದು ಕಟ್ಟಕಡೆಯ ಕೆಲಸ. ಮೊದಲು ಹಿಂದಿನ ಮುಚ್ಚಳ ತೆಗೆದು ಬ್ರಶ್ಶಿನಿಂದ ಧೂಳು ಹೊಡೆಯಿರಿ. ಜಿರಲೆ ಮೊಟ್ಟೆ, ಕಣಜದ ಮಣ್ಣಿನ ಗೂಡು, ಇಲಿ ಕಡಿದ ಎಳೆ ಎಲ್ಲ ಸಿಗುತ್ತವೆ. ಮುಚ್ಚಳಕ್ಕೆ ಅಂಟಿಸಿದ ವಾಲ್ವುಗಳ ಚೀಟಿ ಹರಿಯದಂತೆ ನೋಡಿಕೊಳ್ಳಿ, ಫೋಟೊ ತೆಗೆದಿಡಿ. ವಾಲ್ವುಗಳನ್ನು ನೆಟ್ಟಗೆ ಮೇಲಕ್ಕೆ ಎಳೆದು ತೆಗೆದು ಒಂದೊಂದರ ಫಿಲಮೆಂಟೂ ಕೂಡಿದೆಯೇ ಅಂತ ಮೀಟರಿನಲ್ಲಿ ನೋಡಿ. ಡಿಜಿಟಲ್ ಮೀಟರೇ ಇರಲಿ. ಹಳೆ ಮುಳ್ಳಿನ ಮೀಟರುಗಳಲ್ಲಿ ಕೆಲವು, ಅತಿ ಕಡಿಮೆ ಓಮಿನ ಮನೆಯಲ್ಲಿಟ್ಟಾಗ 50 ಮಿಲಿ ಆಂಪಿಯರಿಗಿಂತ ಹೆಚ್ಚನ್ನೇ ಹರಿಸುತ್ತವೆ. ಪರೀಕ್ಷೆ ಮಾಡಲು ಹೋಗಿ ಫಿಲಮೆಂಟು ಕಡಿದುಕೊಂಡಂತಾಗುತ್ತದೆ.

ಆಮೇಲೆ ಕಂಡೆನ್ಸರುಗಳು, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಕೆಪ್ಯಾಸಿಟರುಗಳು. ಮೇಣ ಮೆತ್ತಿದ ಕಾಗದದ ಕಂಡೆನ್ಸರು ಅಷ್ಟು ವರ್ಷದ ತೇವ ಕುಡಿದು ಸೋರುತ್ತಿರುತ್ತದೆ. ಎಲ್ಲವನ್ನೂ ಬದಲಿಸಲು ಪುರುಸೊತ್ತಿಲ್ಲದಿದ್ದರೂ ಒಂದನ್ನು ಬಿಡಬೇಡಿ: ಕೊನೆಯ ವಾಲ್ವಿನ ಗ್ರಿಡ್ಡಿಗೆ (ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ಜಾಲರಿಗೆ) ಧ್ವನಿ ಒಯ್ಯುವ ಕಪ್ಲಿಂಗ್ ಕಂಡೆನ್ಸರು. ಅದು ಸೋರಿದರೆ ಗ್ರಿಡ್ಡಿಗೆ ಪ್ಲಸ್ ವೋಲ್ಟೇಜ್ ಹೋಗಿ, ವಾಲ್ವು ಮಿತಿಮೀರಿ ಕರೆಂಟು ಎಳೆದು, ಬ್ಯಾಟರಿಯನ್ನೂ ತಿಂದು ತಾನೂ ಸಾಯುತ್ತದೆ. ಈಗಿನ ಪಾಲಿಯೆಸ್ಟರ್ ಕಂಡೆನ್ಸರಿಗೆ ಕೆಲವೇ ರೂಪಾಯಿ, ಬೆಂಗಳೂರಿನವರಿಗೆ ಬಿಡಿಭಾಗಗಳ ಪೇಟೆ ಎಸ್.ಪಿ. ರಸ್ತೆ ಇದ್ದೇ ಇದೆ. ಎಚ್.ಟಿ.ಗೆ ಅಡ್ಡಲಾಗಿ ಕೂತ ಎಲೆಕ್ಟ್ರೊಲಿಟಿಕ್ ಕಂಡೆನ್ಸರನ್ನೂ ಬದಲಿಸಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ತೆಳು ತಂತಿ ಹಸಿರು ಕಿಲುಬು ಹಿಡಿದು ಕಡಿದುಹೋಗಿರುವುದು ಮಾಮೂಲು, ಕರಾವಳಿ ಮಲೆನಾಡಿನ ಸೆಟ್ಟುಗಳಲ್ಲಂತೂ ಕೇಳುವುದೇ ಬೇಡ. ಸ್ಪೀಕರಿನ ಕಾಗದ ಹರಿದಿದ್ದರೆ ಟಿಶ್ಯೂ ಕಾಗದ, ಅಂಟು ಸಾಕು.

ಈಗ ಕರೆಂಟಿನ ವಿಷಯಕ್ಕೆ ಬರೋಣ. ಆ 90 ವೋಲ್ಟಿನ ಪ್ಯಾಕ್ ಅಂಗಡಿಯಲ್ಲಿ ಸಿಗುವ ಕಾಲ ಹೋಯಿತು. ಅತಿ ಸುಲಭದ ದಾರಿ, ಅಂಗಡಿಯಲ್ಲಿ ಸಿಗುವ 9 ವೋಲ್ಟಿನ ಚೌಕ ಬ್ಯಾಟರಿ ಹತ್ತು. ಅದರ ತಲೆಯ ಮೇಲಿನ ಎರಡು ಗುಂಡಿಗಳಲ್ಲಿ ಒಂದು ಗಂಡು, ಒಂದು ಹೆಣ್ಣು. ಒಂದರ ಗಂಡಿಗೆ ಇನ್ನೊಂದರ ಹೆಣ್ಣು ಕಚ್ಚಿಸುತ್ತ ಹೋದರೆ ಹತ್ತೂ ಸರಪಳಿಯಾಗಿ 90 ವೋಲ್ಟ್ ಸಿದ್ಧ. ರೇಡಿಯೊ ಎಳೆಯುವುದು ಹತ್ತು ಮಿಲಿ ಆಂಪಿಯರಿನ ಆಸುಪಾಸು. ಒಳ್ಳೆಯ ಆಲ್ಕಲೈನ್ ಹಾಕಿದರೆ ನಲವತ್ತು ಗಂಟೆಯಾದರೂ ಬರುತ್ತದೆ. ಆಟಿಕೆ ಬ್ಯಾಟರಿ ಅಂತ ಸದರ ಬೇಡ. ತುದಿಯ ಎರಡು ಗುಂಡಿಗಳನ್ನು ಒದ್ದೆ ಕೈಯಲ್ಲಿ ಮುಟ್ಟಿದರೆ ಚೆನ್ನಾಗಿಯೇ ಷಾಕ್ ಹೊಡೆಯುತ್ತದೆ. ಜೋಡಿಸಿದ ಮೇಲೆ ಡಬ್ಬಿಯಲ್ಲಿಟ್ಟು ಮುಚ್ಚಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಫಿಲಮೆಂಟಿಗೆ ಟಾರ್ಚಿನ ದೊಡ್ಡ ಶೆಲ್ಲು, ಪ್ಲಸ್ಸಿಗೆ ಪ್ಲಸ್ ಸೇರಿಸಿ ಎರಡು. ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಎಲ್‌ಎಂ 317 ಎಂಬ, ವೋಲ್ಟೇಜ್ ಹಿಡಿದಿಡುವ ಐಸಿ ಹಾಕಿ 1.4 ವೋಲ್ಟಿನ ಸಪ್ಲೈ ಮಾಡಿಕೊಳ್ಳುವವರಿದ್ದಾರೆ, ತಪ್ಪಲ್ಲ. ಆದರೆ ವೋಲ್ಟೇಜ್ ಹೊಂದಿಸಲು ತಿರುಪುವ ಪ್ರೀಸೆಟ್ ಹಾಕಬೇಡಿ. ಅದರ ಸಂಪರ್ಕ ಒಂದು ಕ್ಷಣ ತಪ್ಪಿದರೂ ಪೂರ್ತಿ ವೋಲ್ಟೇಜ್ ಫಿಲಮೆಂಟಿನ ಮೇಲೆ ಬೀಳುತ್ತದೆ. ಬೆಲೆ ಖಚಿತವಿರುವ ರೆಸಿಸ್ಟರುಗಳನ್ನೇ ಬೆಸುಗೆ ಹಾಕಿ, ಔಟ್‌ಪುಟ್ಟಿಗೆ ಅಡ್ಡಲಾಗಿ ಎರಡು ಸಿಲಿಕಾನ್ ಡಯೋಡುಗಳನ್ನು ಸಾಲಾಗಿ ಕೂರಿಸಿ. ವೋಲ್ಟೇಜ್ ಜಿಗಿದರೆ ಹೊರೆಯನ್ನು ಅವು ಎಳೆದುಕೊಳ್ಳುತ್ತವೆ. ಶೆಲ್ಲಿನಲ್ಲಾದರೆ ಈ ತಲೆನೋವೇ ಇಲ್ಲ. ಅದು ಏರುವುದಿಲ್ಲ, ಇಳಿಯುವುದೊಂದೇ ಗೊತ್ತು. 1.1 ವೋಲ್ಟಿನ ಹತ್ತಿರ ಬಂದಾಗ ನಿಲಯ ಹಿಡಿಯುವ ವಾಲ್ವು ಡಿಕೆ 91 ಕೈಕೊಡುತ್ತದೆ: ಮೊದಲು ಶಾರ್ಟ್‌ವೇವ್ ಸುಮ್ಮನಾಗುತ್ತದೆ, ಆಮೇಲೆ ಮೀಡಿಯಂ ವೇವ್. ಶೆಲ್ಲು ಬದಲಿಸಿದರೆ ಆಯಿತು.

ಮೊದಲ ಸಲ ಹಚ್ಚುವಾಗ ಎಚ್.ಟಿ. ಪ್ಲಸ್ ಎಳೆಯಲ್ಲಿ 2,200 ಓಮಿನ, 5 ವ್ಯಾಟಿನ ಒಂದು ರೆಸಿಸ್ಟರು ಸೇರಿಸಿಕೊಳ್ಳಿ. ಏನೇ ಎಡವಟ್ಟಾದರೂ 90 ವೋಲ್ಟು ಅದರ ಮೂಲಕ 41 ಮಿಲಿ ಆಂಪಿಯರಿಗಿಂತ ಹೆಚ್ಚು ಹರಿಸಲಾರದು. ಫಿಲಮೆಂಟಿನ ಮಿತಿ 50, ಉಳಿದುಕೊಳ್ಳುತ್ತದೆ. ಸೆಟ್ಟು ಸರಿಯಿದ್ದರೆ ಆ ರೆಸಿಸ್ಟರಿನಲ್ಲಿ ಸುಮಾರು 20 ವೋಲ್ಟು ನಷ್ಟವಾಗಿ ಉಳಿದದ್ದರಲ್ಲೇ ರೇಡಿಯೊ ಮಾತಾಡುತ್ತದೆ. 96ರ ಸರಣಿಯ ವಾಲ್ವುಗಳಿಗೆ ಇದು ಸಾಲದು, 4,700 ಓಮು ಹಾಕಿ. ಎಲ್ಲ ನೆಟ್ಟಗಿದೆ ಅನ್ನಿಸಿದ ಮೇಲೆ ತೆಗೆದರಾಯಿತು.

ಬ್ಯಾಟರಿ ಬೇಡ, ಮನೆ ಕರೆಂಟಿನಿಂದ ನಡೆಸುವ ಎಲಿಮಿನೇಟರ್ ಮಾಡಿಕೊಳ್ಳುತ್ತೇನೆ ಅನ್ನುವವರು ಒಂದು ವಿಷಯವನ್ನು ಗಮನವಿಟ್ಟು ಕೇಳಿ, ಕೈ ಪಳಗಿದವರೂ ಎಡವುವುದು ಇಲ್ಲೇ. ಎಚ್.ಟಿ. ಮೈನಸ್ಸನ್ನೂ ಎಲ್.ಟಿ. ಮೈನಸ್ಸನ್ನೂ ಒಂದುಗೂಡಿಸಬೇಡಿ. ಎರಡೂ ಮೈನಸ್ಸೇ ತಾನೆ, ಷಾಸಿಗೇ (ರೇಡಿಯೊದೊಳಗಿನ ತಗಡಿನ ಚೌಕಟ್ಟಿಗೇ) ಹೋಗುತ್ತವೆ ತಾನೆ ಅಂತ ಕೈ ತುರಿಸುತ್ತದೆ. ಆದರೆ ಕೊನೆಯ ವಾಲ್ವಿನ ಗ್ರಿಡ್ಡು ಫಿಲಮೆಂಟಿಗಿಂತ ಸುಮಾರು 7 ವೋಲ್ಟು ಕೆಳಗಿರಬೇಕು. ಬಹಳ ಹಿಂದೆ ಅದಕ್ಕೆಂದೇ ಮೂರನೆಯ ಬ್ಯಾಟರಿ ಇಡುತ್ತಿದ್ದರು. ಆಮೇಲೆ ತಯಾರಕರು ಒಂದು ಜಾಣತನ ಮಾಡಿದರು: ಎಚ್.ಟಿ. ಮೈನಸ್ಸಿಗೂ ಷಾಸಿಗೂ ನಡುವೆ ಸುಮಾರು 700 ಓಮಿನ ಒಂದು ರೆಸಿಸ್ಟರು ಕೂರಿಸಿದರು. ಇಡೀ ಸೆಟ್ಟಿನ ಹತ್ತು ಮಿಲಿ ಆಂಪಿಯರು ಅದರಲ್ಲೇ ಹಾದುಹೋದಾಗ 7 ವೋಲ್ಟು ತಾನಾಗಿ ಹುಟ್ಟುತ್ತದೆ. ನೀವು ಎರಡು ಮೈನಸ್ಸು ಸೇರಿಸಿದಿರೋ, ಆ ರೆಸಿಸ್ಟರು ಇದ್ದೂ ಇಲ್ಲದಂತೆ. ರೇಡಿಯೊ ಹಾಡುತ್ತದೆ, ಹಾಡುವುದಿಲ್ಲ ಅಂತಲ್ಲ. ಸ್ವಲ್ಪ ಗೊಗ್ಗರು ದನಿ, ಅಷ್ಟೆ. ಹಳೆಯದಲ್ಲವೇ, ಹಾಗೇ ಇರುತ್ತದೆ ಅಂತ ಸುಮ್ಮನಾಗುತ್ತೀರಿ. ಅಷ್ಟರಲ್ಲಿ ಡಿಎಲ್ 92 ಒಳಗೊಳಗೇ ಸವೆದಿರುತ್ತದೆ.

ಎಲಿಮಿನೇಟರಿಗೆ ಟ್ರಾನ್ಸ್‌ಫಾರ್ಮರು ಇರಲೇಬೇಕು. ಬರೀ ರೆಸಿಸ್ಟರೋ ಕಂಡೆನ್ಸರೋ ಹಾಕಿ 230ನ್ನು ಇಳಿಸಿಕೊಂಡರೆ ಷಾಸಿ, ತಿರುಪು, ಏರಿಯಲ್ಲು ಎಲ್ಲದರಲ್ಲೂ ಮನೆ ಕರೆಂಟು ಕೂತಿರುತ್ತದೆ. 12 ವೋಲ್ಟಿನಿಂದ 90 ಏರಿಸುವ ಪುಟ್ಟ ಕನ್ವರ್ಟರ್ ಬೋರ್ಡುಗಳು ಅಗ್ಗಕ್ಕೆ ಸಿಗುತ್ತವೆ. ನನಗೆ ಅವುಗಳ ಮೇಲೆ ಪ್ರೀತಿಯಿಲ್ಲ. ಕೆಲಸವೇನೋ ಮಾಡುತ್ತವೆ, ಆದರೆ ಮೀಡಿಯಂ ವೇವಿನ ಉದ್ದಕ್ಕೂ ಶಿಳ್ಳೆ. ತಗಡಿನ ಡಬ್ಬಿಯಲ್ಲಿ ಮುಚ್ಚಿ ಫಿಲ್ಟರು ಹಾಕಿದರೆ ತಗ್ಗುತ್ತದೆ.

ಇನ್ನೊಂದು ಜಾತಿಯ ಸೆಟ್ಟೂ ಇತ್ತು, ಆಗಿನ ಕಾರುಗಳಲ್ಲಿ ಇದ್ದಂಥ 6 ವೋಲ್ಟಿನ ಆಸಿಡ್ ಬ್ಯಾಟರಿಯದು. ಒಳಗೆ ವೈಬ್ರೇಟರ್ ಎಂಬ ಕಂಪಿಸುವ ಪಟ್ಟಿಯೊಂದು ಗುಂಯ್‌ಗುಡುತ್ತ ವೋಲ್ಟೇಜ್ ಏರಿಸುತ್ತದೆ. ಬ್ಯಾಟರಿ ಇಳಿದಾಗ ಬಸ್ಸಿನ ಮೇಲೆ ಹಾಕಿ ಪೇಟೆಗೆ ಒಯ್ದು ಚಾರ್ಜು ಮಾಡಿಸಿ ತರಬೇಕಾಗಿತ್ತು. ಅಂಥದು ಸಿಕ್ಕಿದರೆ ಟ್ರಾನ್ಸ್‌ಫಾರ್ಮರಿಗೆ ಅಡ್ಡಲಾಗಿರುವ ಬಫರ್ ಕಂಡೆನ್ಸರನ್ನು 1,600 ವೋಲ್ಟಿನ ಹೊಸದಕ್ಕೆ ಬದಲಿಸದೆ ಸ್ವಿಚ್ ಹಾಕಲೇಬೇಡಿ.

ಎಲ್ಲ ಆದ ಮೇಲೆ ಏನು ಕೇಳುವುದು? ಶಾರ್ಟ್‌ವೇವ್ ಈಗ ಬಹುಮಟ್ಟಿಗೆ ಖಾಲಿ. ದೇಶದಲ್ಲಿ ಎಷ್ಟೋ ಮೀಡಿಯಂ ವೇವ್ ಪ್ರಸಾರಕಗಳೂ ಮುಚ್ಚಿವೆ. ಬೆಂಗಳೂರಿನ ಸುತ್ತಿನವರು 612 ಕಿಲೋಹರ್ಟ್ಸಿನಲ್ಲಿ, ಧಾರವಾಡದ ಕಡೆಯವರು 765ರಲ್ಲಿ ಮುಳ್ಳು ನಿಲ್ಲಿಸಿ ನೋಡಿ. ಮನೆಯೊಳಗೆ ಬರೀ ಗರಗರ ಬಂದರೆ ತಪ್ಪು ರೇಡಿಯೊದ್ದಲ್ಲ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಯುಪಿಎಸ್ ಎಲ್ಲ ಸೇರಿ ಎಬ್ಬಿಸುವ ಗದ್ದಲ ಅದು. ವೈರಿನ ಹಂಗಿಲ್ಲದ ಸೆಟ್ಟು ಇಟ್ಟುಕೊಂಡವರಿಗೆ ಇಲ್ಲೊಂದು ಅನುಕೂಲವಿದೆ. ತೋಟಕ್ಕೋ ತಾರಸಿಗೋ ಒಯ್ದು, ಹತ್ತಾರು ಅಡಿ ತಂತಿಯನ್ನು ಮರಕ್ಕೆ ಕಟ್ಟಿ ಏರಿಯಲ್ ಮಾಡಿ, ಇನ್ನೊಂದು ತಂತಿಯನ್ನು ಒದ್ದೆ ನೆಲಕ್ಕೆ ನೆಟ್ಟು ಅರ್ತ್ ಕೊಡಿ. ಕತ್ತಲಾದ ಮೇಲೆ ಪಕ್ಕದ ರಾಜ್ಯಗಳ ನಿಲಯಗಳೂ ಒಂದೊಂದಾಗಿ ಸಿಗುತ್ತವೆ. ಮುಗಿದ ಮೇಲೆ ಸ್ವಿಚ್ ಆರಿಸಿ, ಬ್ಯಾಟರಿ ಪ್ಲಗ್ಗನ್ನೂ ಕಿತ್ತಿಡಿ. ಹಳೆ ಸ್ವಿಚ್ಚುಗಳು ಎರಡು ದಾರಿಯಲ್ಲಿ ಒಂದನ್ನು ಮಾತ್ರ ಕಡಿಯುವುದುಂಟು.

ನಮಸ್ಕಾರ.