ಎಪ್ಪತ್ತರಲ್ಲಿ ಕಿಡ್ನಿ ಕಸಿ: ಮೊದಲು ಕುರ್ಚಿಯಿಂದ ಎದ್ದು ತೋರಿಸಿ

"ಎಪ್ಪತ್ತಾಯ್ತಲ್ಲ, ಇನ್ನೇನು ಕಸಿ, ಡಯಾಲಿಸಿಸ್ಸಲ್ಲೇ ಇರ್ಲಿ ಬಿಡಿ." ಈ ಮಾತು ಮನೆಯಲ್ಲೂ ಕೇಳಿಬರುತ್ತೆ, ಆಸ್ಪತ್ರೆಯಲ್ಲೂ. ಮೃತ ದಾನಿಯ ಅಂಗಕ್ಕೆ ಹೆಸರು ಬರೆಸೋಕೆ ಇದ್ದ 65ರ ವಯೋಮಿತಿಯನ್ನ ಕೇಂದ್ರ ಸರ್ಕಾರ 2023ರಲ್ಲೇ ತೆಗೆದುಹಾಕಿತು. ಆದರೂ ನಾವು ಜನ್ಮದಿನಾಂಕ ನೋಡೋದು ಬಿಟ್ಟಿಲ್ಲ.

ನೋಡಬೇಕಾದ್ದು ತ್ರಾಣ. ತ್ರಾಣ ಕುಗ್ಗೋದಕ್ಕೆ ಡಾಕ್ಟರು ಫ್ರೇಲ್ಟಿ ಅಂತಾರಲ್ಲ, ಅದರ ಗುರುತು ಐದು: ಕಾರಣವಿಲ್ಲದೆ ತೂಕ ಇಳಿಯೋದು, ಕೈಹಿಡಿತ ಸಡಿಲಾಗೋದು, ಸದಾ ಸುಸ್ತು, ನಡಿಗೆ ನಿಧಾನ, ಓಡಾಟ ಕಮ್ಮಿ. ಮೂರಿದ್ದರೆ ಫ್ರೇಲ್. ಒಂದೋ ಎರಡೋ ಇದ್ದರೆ ಆ ದಾರಿಯಲ್ಲಿದ್ದಾರೆ ಅಂತ.

ಅಳೆಯೋಕೆ ದೊಡ್ಡ ಯಂತ್ರ ಬೇಡ. ಎದೆ ಮೇಲೆ ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲಿ. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ತೊಡೆಯ ಸ್ನಾಯು ಸೋತಿದೆ ಅನ್ನೋ ಅನುಮಾನ. ನಾಲ್ಕು ಮೀಟರ್ ನಡೆಯೋಕೆ ನಾಲ್ಕು ಸೆಕೆಂಡಿಗಿಂತ ಜಾಸ್ತಿ ಬೇಕಾದರೂ ಅಷ್ಟೇ. ಕೈಹಿಡಿತ ಗಂಡಸರಿಗೆ 28 ಕೆ.ಜಿ., ಹೆಂಗಸರಿಗೆ 18ಕ್ಕಿಂತ ಕೆಳಗಿರಬಾರದು. ಇವೆಲ್ಲ ಏಷ್ಯಾದವರಿಗೆಂದೇ ಗೊತ್ತು ಮಾಡಿದ ಅಂಕಿ. ಡಯಾಲಿಸಿಸ್ ಮುಗಿಸಿ ಬಿ.ಪಿ. ಇಳಿದಿರೋ ಹೊತ್ತಲ್ಲಿ ಮಾತ್ರ ಈ ಪರೀಕ್ಷೆ ಬೇಡ, ಮಾರನೇ ದಿನ ಮಾಡಿಸಿ.

ತೂಕದ ವಿಷಯದಲ್ಲಿ ಬಹಳ ಜನ ಮೋಸ ಹೋಗ್ತಾರೆ. ಮೂರು ಕೆ.ಜಿ. ಮಾಂಸಖಂಡ ಕರಗಿ, ಆ ಜಾಗಕ್ಕೆ ಮೂರು ಲೀಟರ್ ನೀರು ಬಂದರೆ ತಕ್ಕಡಿಯ ಮುಳ್ಳು ಅಲುಗಾಡಲ್ಲ. ಡ್ರೈ ವೆಯ್ಟ್, ಅಂದರೆ ಡಯಾಲಿಸಿಸ್ಸಲ್ಲಿ ಹೆಚ್ಚಿನ ನೀರು ತೆಗೆದ ಮೇಲೆ ಇರಬೇಕಾದ ತೂಕ, ಹಳೇದೇ ಇಟ್ಟುಕೊಂಡು "ತೂಕ ಸರಿಯಾಗಿದೆ" ಅಂತ ಬರೀತಾರೆ. ಅಂಗಿ, ಬ್ಲೌಸು ತೋಳಲ್ಲಿ ಸಡಿಲಾಯ್ತಾ, ಕಾಲಲ್ಲಿ ಬಾವು ಬಂತಾ, ಅದನ್ನೂ ನೋಡಿ.

ಊಟದ ತಪ್ಪು ಇನ್ನೊಂದು. ಡಯಾಲಿಸಿಸ್‌ಗೆ ಮುಂಚೆ "ಪ್ರೋಟೀನ್ ಕಮ್ಮಿ ಮಾಡಿ" ಅಂದಿದ್ದನ್ನೇ ಹಿಡಿದು, ವರ್ಷಗಟ್ಟಲೆ ತಿಳಿಸಾರು ಅನ್ನ ಉಣ್ಣೋರಿದ್ದಾರೆ. ಡಯಾಲಿಸಿಸ್ ಶುರುವಾದ ಮೇಲೆ ಲೆಕ್ಕ ತಿರುಗುತ್ತೆ: ಕೆ.ಜಿ. ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ, ಅಂದರೆ 60 ಕೆ.ಜಿ.ಯವರಿಗೆ 60ರಿಂದ 72 ಗ್ರಾಂ. ಒಂದು ಮೊಟ್ಟೆಯ ಬಿಳಿಭಾಗದಲ್ಲಿ ಸುಮಾರು ಮೂರೂವರೆ ಗ್ರಾಂ ಇದೆ, ಕಿಡ್ನಿ ಸೋತವರಿಗೆ ಹೆಚ್ಚಾಗಬಾರದ ಫಾಸ್ಫರಸ್ ತೀರಾ ಕಮ್ಮಿ. ಬೇಳೆ, ಹಾಲು, ಮೊಸರು ಎಷ್ಟು ಅನ್ನೋದನ್ನ ಪೊಟ್ಯಾಷಿಯಂ ರಿಪೋರ್ಟ್ ಇಟ್ಟುಕೊಂಡು ಡಯಟಿಷಿಯನ್ ಹೇಳಲಿ.

ಇಷ್ಟೆಲ್ಲ ಯಾಕೆ? ಕಸಿಯಾದ ಮೇಲೆ ಕೊಡೋ ಸ್ಟೀರಾಯ್ಡ್ ತೊಡೆ, ಸೊಂಟದ ಸ್ನಾಯುವನ್ನೇ ತಿನ್ನುತ್ತೆ. ಮೊದಲೇ ನಿತ್ರಾಣರಾದವರು ಬೀಳ್ತಾರೆ, ಮತ್ತೆ ಅಡ್ಮಿಟ್ ಆಗ್ತಾರೆ, ಹೊಸ ಕಿಡ್ನಿ ಕೆಲಸ ಶುರುಮಾಡೋದೂ ತಡವಾಗಬಹುದು. ಹಾಗಂತ ಫ್ರೇಲ್ ಅಂದಾಕ್ಷಣ ಪಟ್ಟಿಯಿಂದ ಹೊಡೆದುಹಾಕೋದನ್ನ ನಾನು ಒಪ್ಪಲ್ಲ. ಈ ನಿತ್ರಾಣದ ಒಂದು ಪಾಲು ಕಿಡ್ನಿ ಕಾಯಿಲೆಯದ್ದೇ, ಡಯಾಲಿಸಿಸ್‌ನದ್ದೇ. ಕಸಿಯಾದ ಮೊದಲ ತಿಂಗಳು ಅದು ಹೆಚ್ಚಾಗಿ, ಮೂರು ತಿಂಗಳ ಹೊತ್ತಿಗೆ ಇಳಿಯೋದನ್ನ ಅಧ್ಯಯನಗಳು ತೋರಿಸಿವೆ.

ಮನೆಯವರೇ ದಾನಿಯಾದರೆ ದಿನ ಗೊತ್ತಿರುತ್ತೆ, ತಯಾರಿಗೆ ವಾರಗಳು ಸಿಗುತ್ತವೆ. ಮೃತ ದಾನಿಗಳ ಅಂಗ ಹಂಚೋ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಇರೋರಿಗೆ ಫೋನ್ ನಡುರಾತ್ರಿಯೂ ಬರಬಹುದು. ನೋಂದಣಿ ದಿನ ನಡೆಸಿ ನೋಡಿದ್ದು ಮೂರು ವರ್ಷದ ಮೇಲೆ ಯಾವ ಲೆಕ್ಕಕ್ಕೂ ಬರಲ್ಲ. ಆರು ತಿಂಗಳಿಗೊಮ್ಮೆ ಆ ಕುರ್ಚಿ ಪರೀಕ್ಷೆ ಮತ್ತೆ ಮಾಡಿಸಿ. ಡಯಾಲಿಸಿಸ್ ನಡೀತಿರೋವಾಗಲೇ, ಡಾಕ್ಟರ್ ಒಪ್ಪಿದರೆ, ಮೊದಲ ಎರಡು ಗಂಟೆಯೊಳಗೆ ಕಾಲಿನ ವ್ಯಾಯಾಮ ಮುಗಿಸಿ, ಆಮೇಲೆ ಬಿ.ಪಿ. ಇಳಿಯುತ್ತೆ.