ಅಜ್ಜಿಯ ಗುಲಾಬಿ, ಮೊಮ್ಮಗನ ಸ್ಟ್ರೀಕು: ಗುಡ್ ಮಾರ್ನಿಂಗ್ ಮೆಸೇಜಿನ ಪರವಾಗಿ ಒಂದು ವಾದ

[ತೆರೆಯ ಮೇಲೆ: ಫ್ಯಾಮಿಲಿ ಗ್ರೂಪು. ಬೆಳಿಗ್ಗೆ 5:42. ಇಬ್ಬನಿ ಬಿದ್ದ ಕೆಂಪು ಗುಲಾಬಿ, ಪಕ್ಕದಲ್ಲಿ ಹಬೆಯಾಡೋ ಕಾಫಿ ಕಪ್ಪು, ಹಿಂದೆ ಸೂರ್ಯ. ಹಳದಿ ಅಕ್ಷರದಲ್ಲಿ "ಶುಭೋಧಯ".]

ನಮಸ್ಕಾರ. ಈ ಚಿತ್ರ ನಿಮ್ಮ ಫೋನಲ್ಲೂ ಇದೆ. ಇದೇ ಅಲ್ಲದಿದ್ರೆ ಇದರ ಅಕ್ಕನೋ ತಂಗಿನೋ ಇದೆ. ಗುಲಾಬಿ ಬದಲು ಗಿಳಿ, ಕಾಫಿ ಬದಲು ಗಣಪತಿ, ಕೆಳಗೆ ಬುದ್ಧನ ಹೆಸರಲ್ಲಿ ಬುದ್ಧ ಯಾವತ್ತೂ ಹೇಳದ ಒಂದು ಮಾತು.

ಇದನ್ನ ಕಸ ಅಂತ ಕರೆಯೋದು ಈಗ ರೂಢಿ. ಕಳಿಸಿದವರು ದೊಡ್ಡಮ್ಮ ಆಗಿದ್ರೆ ನಗೋದು, ಆಫೀಸಿನವರಾಗಿದ್ರೆ ಮ್ಯೂಟ್ ಮಾಡೋದು. ಈ ವಿಡಿಯೋದಲ್ಲಿ ನಾವು ಹೇಳೋದು ಸ್ವಲ್ಪ ಉಲ್ಟಾ. ಗುಡ್ ಮಾರ್ನಿಂಗ್ ಮೆಸೇಜು ಕಸ ಅಲ್ಲ, ಯಾಕಂದ್ರೆ ಅದು ಮೆಸೇಜೇ ಅಲ್ಲ. ಅದು ಹಾಜರಿ. ಕ್ಲಾಸಲ್ಲಿ ಹೆಸರು ಕರೆದಾಗ "ಎಸ್ ಸಾರ್" ಅಂತೀವಲ್ಲ, ಆ ಥರ. ಆ "ಎಸ್ ಸಾರ್" ಒಳಗೆ ಏನು ವಿಷಯ ಇದೆ ಅಂತ ಯಾರೂ ಹುಡುಕಲ್ಲ.

[ತೆರೆಯ ಮೇಲೆ: "ತಿಂಡಿ ಆಯ್ತಾ?"]

ಕನ್ನಡದವರಿಗೆ ಇದನ್ನ ವಿವರಿಸೋದು ಸುಲಭ. ನಮ್ಮಲ್ಲಿ ಬೆಳಗಿನ ನಮಸ್ಕಾರಕ್ಕೆ ಅಂತ ಪ್ರತ್ಯೇಕ ಮಾತೇ ಇರಲಿಲ್ಲ. "ಶುಭೋದಯ" ಅಂತ ಎದುರುಮನೆಯವರಿಗೆ ಹೇಳಿ ನೋಡಿ, ಜ್ವರ ಬಂದಿದ್ಯಾ ಅಂತ ಕೇಳ್ತಾರೆ. ಮೈಸೂರು ಕಡೆ "ತಿಂಡಿ ಆಯ್ತಾ?", ಧಾರವಾಡದ ಕಡೆ "ಚಾ ಆತೇನ್ರಿ?", ಯಾರಾದ್ರೂ ಚಪ್ಪಲಿ ಮೆಟ್ಟಿ ಹೊರಟಿದ್ರೆ "ಎತ್ತ ಕಡೆ ಸವಾರಿ?" ಇವು ಪ್ರಶ್ನೆ ಅಲ್ಲ. "ತಿಂಡಿ ಆಯ್ತಾ" ಅಂದವರಿಗೆ ನೀವು ಇಡ್ಲಿ ಎಷ್ಟು, ಚಟ್ನಿಗೆ ಉಪ್ಪು ಕಮ್ಮಿ ಇತ್ತಾ ಅಂತ ಲೆಕ್ಕ ಒಪ್ಪಿಸಿದ್ರೆ ಅವರು ಗಡಿಯಾರ ನೋಡ್ಕೋತಾರೆ. "ಹೂಂ, ಆಯ್ತು, ನಿಮ್ದು?" ಅಲ್ಲಿಗೆ ಮುಗೀತು. ನೀನಿದ್ದೀಯ, ನಾನಿದ್ದೀನಿ, ನಮ್ಮಿಬ್ಬರ ಮಧ್ಯೆ ಜಗಳ ಇಲ್ಲ. ಇಷ್ಟೇ ಅದರ ವಿಷಯ.

ಇದಕ್ಕೆ ಹೆಸರಿಟ್ಟಿದ್ದು ಮಾನವಶಾಸ್ತ್ರಜ್ಞ ಬ್ರೋನಿಸ್ಲಾವ್ ಮಾಲಿನೋವ್ಸ್ಕಿ. ನ್ಯೂಗಿನಿ ಪಕ್ಕದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಅಲ್ಲಿನವರ ಜೊತೆ ಇದ್ದು ಬಂದವರು. 1923ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಈ ಬಗೆಯ ಮಾತನ್ನ "ಫ್ಯಾಟಿಕ್ ಕಮ್ಯುನಿಯನ್" ಅಂತ ಕರೆದರು. ಅಂದ್ರೆ, ವಿಚಾರ ತಿಳಿಸೋಕಲ್ಲ, ನಂಟು ಉಳಿಸೋಕೆ ಆಡೋ ಮಾತು.

"ಸರಿ ಸ್ವಾಮಿ, ಬಾಯಲ್ಲಿ ಕೇಳೋದು ಬೇರೆ. ಯಾರೋ ಮಾಡಿದ ಚಿತ್ರವನ್ನ ಒತ್ತಿ ಕಳಿಸೋದ್ರಲ್ಲಿ ಮನಸ್ಸೆಲ್ಲಿದೆ?" ಇದು ನಾವು ಹೆಚ್ಚು ಕೇಳೋ ಆಕ್ಷೇಪ. ಉತ್ತರ ಅಂಚೆ ಕಚೇರಿಯಲ್ಲಿದೆ.

[ತೆರೆಯ ಮೇಲೆ: ಹಳೇ ಪೋಸ್ಟ್ ಕಾರ್ಡು, ಮೇಲೆ "ಉಭಯ ಕುಶಲೋಪರಿ ಸಾಂಪ್ರತ"]

ಭಾರತದಲ್ಲಿ ಪೋಸ್ಟ್ ಕಾರ್ಡು ಶುರುವಾಗಿದ್ದು 1879ರಲ್ಲಿ, ಬೆಲೆ ಕಾಲಾಣೆ. ಅಷ್ಟು ಚಿಕ್ಕ ಕಾರ್ಡಲ್ಲೂ ನಮ್ಮ ಹಿರಿಯರು ಮೊದಲ ಸಾಲನ್ನ "ಉಭಯ ಕುಶಲೋಪರಿ ಸಾಂಪ್ರತ"ಕ್ಕೆ ಬಿಟ್ಟುಕೊಡ್ತಿದ್ರು. ಇಲ್ಲಿ ಎಲ್ಲ ಕ್ಷೇಮ, ಅಲ್ಲಿಯ ಕ್ಷೇಮಕ್ಕೆ ಬರೆಯಿರಿ. ಮನೇಲಿ ಯಾರಿಗೋ ಕಾಯಿಲೆ ಅಂತ ತಿಳಿಸೋ ಕಾಗದ ಕೂಡ "ಎಲ್ಲರೂ ಕ್ಷೇಮ" ಅಂತಲೇ ಶುರುವಾಗ್ತಿತ್ತು, ಕಾಯಿಲೆ ನಾಲ್ಕನೇ ಸಾಲಿಗೆ ಬರ್ತಿತ್ತು. ಯಾರೂ ಅದನ್ನ ಸುಳ್ಳು ಅನ್ನಲಿಲ್ಲ.

ಟೆಲಿಗ್ರಾಂ ಇದಕ್ಕಿಂತ ಮುಂದೆ ಹೋಗಿತ್ತು. ಹಬ್ಬ, ಮದುವೆ, ಹುಟ್ಟುಹಬ್ಬ, ಪರೀಕ್ಷೆ ಪಾಸಾಗಿದ್ದು, ಹೀಗೆ ಒಂದೊಂದಕ್ಕೂ ಇಲಾಖೆಯೇ ಶುಭಾಶಯದ ವಾಕ್ಯ ಬರೆದು ಅದಕ್ಕೊಂದು ನಂಬರು ಕೊಟ್ಟಿತ್ತು. ಕೌಂಟರಲ್ಲಿ ಪಟ್ಟಿ ನೋಡಿ ನಂಬರು ಬರೆದರೆ ಸಾಕು, ತಂತಿಯಲ್ಲಿ ಹೋಗ್ತಿದ್ದದ್ದು ಆ ನಂಬರು ಮಾತ್ರ. ಆ ಕಡೆ ಊರಲ್ಲಿ ಅದನ್ನ ಮತ್ತೆ ವಾಕ್ಯ ಮಾಡಿ ಕೊಡ್ತಿದ್ರು. ಮದುವೆ ಮನೇಲಿ ಬಂದ ಹತ್ತು ಟೆಲಿಗ್ರಾಮಲ್ಲಿ ಎಂಟರದ್ದು ಒಂದೇ ವಾಕ್ಯ ಇದ್ರೂ ಯಾರೂ "ಫಾರ್ವರ್ಡು" ಅಂತ ಮೂಗು ಮುರೀಲಿಲ್ಲ. ಹತ್ತನ್ನೂ ಎತ್ತಿಟ್ಟುಕೊಂಡ್ರು. 2013ರ ಜುಲೈನಲ್ಲಿ ಆ ಸೇವೆ ನಿಂತಾಗ ಜನ ಕಣ್ಣೀರು ಹಾಕಿದ್ದೂ ಉಂಟು.

ಆಮೇಲೆ ಮಿಸ್ಡ್ ಕಾಲು. "ಊರು ತಲುಪಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡು." ಒಂದೂ ಪದ ಇಲ್ಲದ, ಒಂದು ಪೈಸೆ ಖರ್ಚಿಲ್ಲದ ಉಭಯ ಕುಶಲೋಪರಿ. 2016ರ ಸೆಪ್ಟೆಂಬರಲ್ಲಿ ಜಿಯೋ ಬಂದು ಡೇಟಾ ಅಗ್ಗ ಆದ ಮೇಲೆ ಅದೇ ಮಿಸ್ಡ್ ಕಾಲಿಗೆ ಗುಲಾಬಿ ಹೂವು ಬಂತು, ಅಷ್ಟೇ.

ಚಿತ್ರವೇ ಯಾಕೆ, ಟೈಪ್ ಮಾಡಬಾರದಾ? ಅರವತ್ತು ದಾಟಿದ ಬೆರಳಿಗೆ ಪುಟ್ಟ ಕೀಬೋರ್ಡಲ್ಲಿ "ಕ್ಷ" ಕೂಡಿಸೋದು ಎಷ್ಟು ಕಷ್ಟ ಅಂತ ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ಹಳೇ ಫೋನುಗಳಲ್ಲಂತೂ ಕನ್ನಡ ಅಕ್ಷರದ ಜಾಗದಲ್ಲಿ ಖಾಲಿ ಡಬ್ಬಿ ಕಾಣ್ತಿತ್ತು, ಇಲ್ಲಾ ಒತ್ತಕ್ಷರ ಕಳಚಿ ಬೀಳ್ತಿತ್ತು. ಚಿತ್ರದೊಳಗಿನ ಕನ್ನಡಕ್ಕೆ ಆ ತೊಂದರೆ ಇಲ್ಲ, ಯಾವ ಫೋನಲ್ಲೂ ಹಾಗೇ ಕಾಣುತ್ತೆ. ಅಂದ್ರೆ ನಾವು ನಗ್ತಿರೋ ಆ ಚಿತ್ರ, ಕನ್ನಡದಲ್ಲೇ ಕಳಿಸಬೇಕು ಅನ್ನೋರು ಹುಡುಕಿಕೊಂಡ ದಾರಿ.

[ತೆರೆಯ ಮೇಲೆ: ಎಡಕ್ಕೆ ಗುಲಾಬಿ, ಬಲಕ್ಕೆ ಸ್ನ್ಯಾಪ್‌ಚಾಟಿನ ಬೆಂಕಿ ಗುರುತು, ಪಕ್ಕದಲ್ಲಿ 214]

ಈಗ ನಗ್ತಿರೋರ ಫೋನ್ ತೆಗೆಯೋಣ. ಫೋಟೋ ಕಳಿಸೋ ಸ್ನ್ಯಾಪ್‌ಚಾಟ್ ಆ್ಯಪಲ್ಲಿ ಸ್ಟ್ರೀಕ್ ಅಂತಿದೆ. ಇಬ್ಬರೂ 24 ಗಂಟೆಯೊಳಗೆ ಒಬ್ಬರಿಗೊಬ್ಬರು ಒಂದು ಸ್ನ್ಯಾಪ್ ಕಳಿಸಬೇಕು. ಮೂರು ದಿನ ತಪ್ಪದೆ ಕಳಿಸಿದ್ರೆ ಬೆಂಕಿ ಗುರುತು, ಪಕ್ಕದಲ್ಲಿ ದಿನದ ಲೆಕ್ಕ. ಟೈಮ್ ಮುಗೀತಾ ಬಂದ್ರೆ ಮರಳು ಗಡಿಯಾರ. ಒಂದು ದಿನ ತಪ್ಪಿದ್ರೆ ಸೊನ್ನೆ. ಹಾಗಾಗಿ ಹುಡುಗರು ಏನು ಕಳಿಸ್ತಾರೆ? ರೂಮಿನ ಸೀಲಿಂಗು, ಅರ್ಧ ಹಣೆ, ಕತ್ತಲೆ ಗೋಡೆ. ಮೇಲೆ ಇಂಗ್ಲಿಷಿನ ಒಂದೇ ಅಕ್ಷರ, ಸ್ಟ್ರೀಕಿನ ಎಸ್. ಅದರಲ್ಲಿ ವಿಷಯ ಎಷ್ಟಿದೆ? ಗುಲಾಬಿಯಲ್ಲಿ ಇರೋಷ್ಟೂ ಇಲ್ಲ, ಕೊನೇಪಕ್ಷ ಅದರಲ್ಲಿ ಹೂವಿತ್ತು. ಅಜ್ಜಿ ಮೊಮ್ಮಗ ಇಬ್ಬರೂ ಮಾಡ್ತಿರೋದು ಒಂದೇ ಕೆಲಸ. ವ್ಯತ್ಯಾಸ ಇಷ್ಟೇ: ಅಜ್ಜಿ ಒಂದು ದಿನ ತಪ್ಪಿಸಿದ್ರೆ ಯಾವ ಕಂಪನಿಯೂ ಅವರಿಗೆ ಮರಳು ಗಡಿಯಾರ ತೋರಿಸಿ ಹೆದರಿಸಲ್ಲ.

ಜಪಾನಿನವರು ಇದನ್ನೇ ಪಾತ್ರೆಯೊಳಗೆ ಇಟ್ಟರು. ಝೋಜಿರುಶಿ ಅನ್ನೋ ಕಂಪನಿ 2001ರಲ್ಲಿ ನೀರು ಕಾಯಿಸೋ ಒಂದು ಎಲೆಕ್ಟ್ರಿಕ್ ಪಾಟ್ ತಂತು. ಒಂಟಿಯಾಗಿರೋ ಹಿರಿಯರು ಚಹಾಕ್ಕೆ ನೀರು ಬಗ್ಗಿಸಿಕೊಂಡ್ರೆ ಬೇರೆ ಊರಲ್ಲಿರೋ ಮಗನಿಗೋ ಮಗಳಿಗೋ ಇಮೇಲಲ್ಲಿ ಗೊತ್ತಾಗುತ್ತೆ. ನೀರು ಬಗ್ಗಿಸಿಲ್ಲ ಅಂದ್ರೆ ಫೋನ್ ಮಾಡಿ ಅಂತ ಅರ್ಥ. ಅದಕ್ಕೆ ತಿಂಗಳಿಗಿಷ್ಟು ಅಂತ ಶುಲ್ಕ. ನಮ್ಮಲ್ಲಿ ಶಿವಮೊಗ್ಗದಲ್ಲೋ ಗದಗದಲ್ಲೋ ಒಬ್ಬರೇ ಇರೋ ಅಮ್ಮ ದಿನಾ ಆರು ಗಂಟೆಗೆ ಬಿಟ್ಟಿ ಕಳಿಸೋ ಗುಲಾಬಿ ಅದೇ ಕೆಲಸ ಮಾಡುತ್ತೆ. ಹತ್ತು ಗಂಟೆಯಾದ್ರೂ ಅದು ಬಂದಿಲ್ಲ ಅಂದ್ರೆ ಫೋನ್ ಮಾಡಿ. ಬಹಳ ಸಲ ಡೇಟಾ ಪ್ಯಾಕ್ ಮುಗಿದಿರುತ್ತೆ, ರೀಚಾರ್ಜ್ ಮಾಡಿಸಿ.

ಇಲ್ಲಿವರೆಗೆ ಪರ. ಈಗ ಇದು ಕೆಡೋದು ಎಲ್ಲಿ ಅಂತ ನೋಡೋಣ. ಕೆಡುತ್ತೆ, ಚೆನ್ನಾಗೇ ಕೆಡುತ್ತೆ.

ಮೊದಲನೇದು ಗ್ರೂಪು. ನಮಸ್ಕಾರಕ್ಕೆ ಪ್ರತಿನಮಸ್ಕಾರ ಬೇಕು. ರಸ್ತೆಯಲ್ಲಿ ಕೈಮುಗಿದವರಿಗೆ ನೀವು ಮುಖ ತಿರುಗಿಸಿದ್ರೆ ಅದು ಅವಮಾನ. 200 ಜನರ ಗ್ರೂಪಲ್ಲಿ ಒಬ್ಬರು ನಮಸ್ಕಾರ ಹಾಕಿದ್ರೆ ಯಾರು ತಿರುಗಿ ಹೇಳಬೇಕು? ಎಲ್ಲರೂ ಹೇಳಿದ್ರೆ ಗ್ರೂಪು ನಡೆಯಲ್ಲ, ಯಾರೂ ಹೇಳದಿದ್ರೆ ಹಾಕಿದವರ ಮುಖಕ್ಕೆ ಹೊಡೆದ ಹಾಗೆ. ಅಪಾರ್ಟ್‌ಮೆಂಟ್ ಗ್ರೂಪಲ್ಲಿ "ಇಲ್ಲಿ ಗುಡ್ ಮಾರ್ನಿಂಗ್ ಹಾಕಬೇಡಿ" ಅಂತ ಅಡ್ಮಿನ್ ಬರೆದ ತಕ್ಷಣ ಜಗಳ ಹತ್ತೋದು ಇದಕ್ಕೇ. ಅಡ್ಮಿನ್ ಹೇಳಿದ್ದು ನೀರಿನ ಟ್ಯಾಂಕರ್ ಸುದ್ದಿ ಕೆಳಗೆ ಹೋಗಿಬಿಡುತ್ತೆ ಅಂತ. ಆ ಕಡೆಯವರಿಗೆ ಕೇಳಿಸಿದ್ದು "ನಿಮ್ಮ ನಮಸ್ಕಾರ ನಮಗೆ ಬೇಡ" ಅಂತ. ಇದಕ್ಕೆ ಸುಲಭದ ಉಪಾಯ: ನಿಯಮ ಹಾಕೋ ಮೊದಲು ಹರಟೆಗೆ ಅಂತ ಇನ್ನೊಂದು ಗ್ರೂಪು ಮಾಡಿ, ದಿನಾ ಗುಲಾಬಿ ಕಳಿಸೋರನ್ನೇ ಅಲ್ಲಿ ಅಡ್ಮಿನ್ ಮಾಡಿ.

ಎರಡನೇದು ಅಪಾಯದ್ದು. ಗುಲಾಬಿಯ ಕೆಳಗೆ ಔಷಧಿ ಬರೋದು. ಮೇಲೆ ಶುಭೋದಯ, ಕೆಳಗೆ "ಈ ಕಷಾಯ ಕುಡಿದ್ರೆ ಸಕ್ಕರೆ ಕಾಯಿಲೆ 7 ದಿನದಲ್ಲಿ ಮಾಯ". ನಮಸ್ಕಾರವನ್ನ ಯಾರೂ ಪರೀಕ್ಷಿಸಲ್ಲ, ಪರೀಕ್ಷಿಸಬಾರದು ಕೂಡ. ಆ ನಂಬಿಕೆಯ ಬೆನ್ನೇರಿ ಸುಳ್ಳು ಬಾಗಿಲೊಳಗೆ ಬರುತ್ತೆ. ಸುಳ್ಳು ಎಲ್ಲಿಗೆ ಹೋಗಿ ಮುಟ್ಟುತ್ತೆ ಅನ್ನೋದಕ್ಕೆ 2018ರ ಜುಲೈ ಸಾಕು. ಮಕ್ಕಳ ಕಳ್ಳರು ಅನ್ನೋ ವಾಟ್ಸಾಪ್ ವದಂತಿ ನಂಬಿದ ಗುಂಪು ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನ ಹೊಡೆದು ಕೊಂದಿತು. ದೇಶದ ಬೇರೆ ಕಡೆಯೂ ಇಂಥವು ನಡೆದವು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ 5 ಚಾಟಿಗಿಂತ ಹೆಚ್ಚು ಫಾರ್ವರ್ಡ್ ಮಾಡದ ಹಾಗೆ ಮಿತಿ ಹಾಕಿತು. 2020ರ ಏಪ್ರಿಲಲ್ಲಿ ಇನ್ನೂ ಬಿಗಿ: ಐದು ಕೈ ದಾಟಿ ಬಂದ ಮೆಸೇಜಿಗೆ ಜೋಡಿ ಬಾಣದ ಗುರುತು ಇರುತ್ತಲ್ಲ, ಅದನ್ನ ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಬಹುದು.

ಆದ್ರೆ ಒಂದು ಸಂದಿ ಇದೆ. ಸ್ಕ್ರೀನ್‌ಶಾಟ್ ತೆಗೆದು ಹೊಸದಾಗಿ ಕಳಿಸಿದ್ರೆ ಬಾಣದ ಗುರುತು ಹೋಗುತ್ತೆ, ಲೆಕ್ಕ ಮೊದಲಿಂದ ಶುರು. ಪತ್ತೆ ಹಚ್ಚೋಕೆ ಕಣ್ಣೇ ಸಾಕು. ಫಾರ್ವರ್ಡ್ ಮಾಡಿದ ಚಿತ್ರ ಮಸುಕಾಗಲ್ಲ, ಅದೇ ಫೈಲು ಮುಂದೆ ಹೋಗುತ್ತೆ. ಸ್ಕ್ರೀನ್‌ಶಾಟು ಮತ್ತೆ ಮತ್ತೆ ಕುಗ್ಗುತ್ತೆ. ಹಾಗೆ ಕುಗ್ಗಿಸೋ ಜೆಪೆಗ್ ವಿಧಾನ ಚಿತ್ರವನ್ನ 8×8 ಪಿಕ್ಸೆಲಿನ ಚೌಕಗಳಾಗಿ ಒಡೆದು ಸಣ್ಣ ವಿವರಗಳನ್ನ ಬಿಸಾಡುತ್ತೆ. ಹಾಗಾಗಿ ಮೊದಲು ಹಾಳಾಗೋದು ಅಕ್ಷರದ ಅಂಚು, ಕನ್ನಡದಲ್ಲಂತೂ ಒತ್ತಕ್ಷರ. ಅಕ್ಷರದ ಸುತ್ತ ಧೂಳು ಕೂತ ಹಾಗೆ ಕಂಡ್ರೆ ಆ ಚಿತ್ರ ತುಂಬಾ ಊರು ತಿರುಗಿ ಬಂದಿದೆ. ಗುಲಾಬಿ ಮಾತ್ರ ಇದ್ರೆ ಬಿಡಿ. ಔಷಧಿ, ಅಪಹರಣ, ಬ್ಯಾಂಕು, ಧರ್ಮ ಇದ್ರೆ ಅಲ್ಲೇ ನಿಲ್ಲಿಸಿ.

[ತೆರೆಯ ಮೇಲೆ: "ಸ್ಟೋರೇಜ್ ಫುಲ್"]

ಮೂರನೇದು ಜಾಗ. 2018ರ ಜನವರಿಯಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಬರೆದ ಸುದ್ದಿ ನಿಮಗೆ ನೆನಪಿರಬಹುದು: ಭಾರತೀಯರ ಫೋನು ಯಾಕೆ ಹೀಗೆ ತುಂಬಿ ನಿಲ್ಲುತ್ತೆ ಅಂತ ಗೂಗಲ್‌ನವರು ಹುಡುಕಿದಾಗ ಸಿಕ್ಕಿದ್ದು ಇದೇ ಗುಡ್ ಮಾರ್ನಿಂಗ್ ಚಿತ್ರಗಳು. ಲೆಕ್ಕ ಹಾಕಿ. ಒಂದು ಚಿತ್ರ 200 ಕೆಬಿ ಅಂದುಕೊಳ್ಳಿ, ದಿನಕ್ಕೆ 30 ಬಂದ್ರೆ 6 ಎಂಬಿ, ವರ್ಷಕ್ಕೆ 2 ಜಿಬಿ ದಾಟುತ್ತೆ. ಹೂವು ಅರಳೋ ವಿಡಿಯೋಗಳು ಒಂದೊಂದೂ ಇಂಥ ಒಂದು ಚಿತ್ರದ ಎಷ್ಟೋ ಪಟ್ಟು.

ಹೆಚ್ಚಿನವರಿಗೆ ಗೊತ್ತಿಲ್ಲದ ಪೆಟ್ಟು ಇನ್ನೊಂದಿದೆ. ಆಂಡ್ರಾಯ್ಡಲ್ಲಿ ವಾಟ್ಸಾಪ್ ಬ್ಯಾಕಪ್ಪು ಮೊದಲು ಗೂಗಲಿನ ಉಚಿತ 15 ಜಿಬಿ ಲೆಕ್ಕಕ್ಕೆ ಸೇರ್ತಿರಲಿಲ್ಲ, 2024ರಿಂದ ಸೇರುತ್ತೆ. ಆ 15 ಜಿಬಿ ತುಂಬಿದ್ರೆ ಜಿಮೇಲಿಗೆ ಮೇಲ್ ಬರೋದೇ ನಿಲ್ಲುತ್ತೆ. ಅಪ್ಪನಿಗೆ ಬ್ಯಾಂಕಿನ ಮೇಲ್ ಬರ್ತಿಲ್ಲ ಅಂದ್ರೆ ಕಾರಣ ಗುಲಾಬಿ ಇರಬಹುದು.

ಮಾಡಬೇಕಾದ್ದು ಹತ್ತು ನಿಮಿಷದ ಕೆಲಸ. ವಾಟ್ಸಾಪ್ ಸೆಟ್ಟಿಂಗ್ಸಲ್ಲಿ "ಸ್ಟೋರೇಜ್ ಅಂಡ್ ಡೇಟಾ", ಅದರೊಳಗೆ "ಮ್ಯಾನೇಜ್ ಸ್ಟೋರೇಜ್". ಅಲ್ಲಿ "ಫಾರ್ವರ್ಡೆಡ್ ಮೆನಿ ಟೈಮ್ಸ್" ಮತ್ತು "5 ಎಂಬಿಗಿಂತ ದೊಡ್ಡವು" ಅಂತ ಎರಡು ರಾಶಿ ಕಾಣುತ್ತೆ. ಮೊದಲು ಎರಡನೇ ರಾಶಿ ತೆಗೀರಿ, ಜಾಗ ಅಲ್ಲೇ ಹೆಚ್ಚು ಸಿಗೋದು. ಒಂದೊಂದಾಗಿ ನೋಡಿ ಆರಿಸಿ, "ಸೆಲೆಕ್ಟ್ ಆಲ್" ಒತ್ತಬೇಡಿ. ಮೊಮ್ಮಗುವಿನ ಮೊದಲ ಹೆಜ್ಜೆಯ ವಿಡಿಯೋನೂ 5 ಎಂಬಿಗಿಂತ ದೊಡ್ಡದೇ. ಆಮೇಲೆ ಅದೇ ಸ್ಟೋರೇಜ್ ಪುಟದಲ್ಲಿ "ಮೀಡಿಯಾ ಆಟೋ ಡೌನ್‌ಲೋಡ್"ಗೆ ಹೋಗಿ ವಿಡಿಯೋ ಟಿಕ್ಕು ತೆಗೀರಿ, ಮೊಬೈಲ್ ಡೇಟಾ ಮತ್ತು ವೈಫೈ ಎರಡರಲ್ಲೂ. ಫೋಟೋ ಟಿಕ್ಕು ಬಿಡಿ. ಅದನ್ನೂ ತೆಗೆದ್ರೆ ಅಮ್ಮನಿಗೆ ಎಲ್ಲ ಮಸುಕಾಗಿ ಕಂಡು "ಫೋನ್ ಕೆಟ್ಟಿದೆ" ಅಂತ ನಿಮಗೇ ಕರೆ ಬರುತ್ತೆ. ಕೊನೆಗೆ "ಚಾಟ್ಸ್" ಒಳಗಿನ "ಮೀಡಿಯಾ ವಿಸಿಬಿಲಿಟಿ" ಆಫ್ ಮಾಡಿದ್ರೆ ಹೊಸದಾಗಿ ಬರೋ ಹೂವು ಗ್ಯಾಲರಿಯಲ್ಲಿ ಮದುವೆ ಫೋಟೋಗಳ ಮಧ್ಯೆ ಬಂದು ಕೂರಲ್ಲ. ಹಳೇವು ಅಲ್ಲೇ ಇರ್ತವೆ, ಅವನ್ನ ಕೈಯಾರೆ ತೆಗೀಬೇಕು.

ತಿರುಗಿ ಏನು ಕಳಿಸೋದು? ಹೆಬ್ಬೆರಳು ಬೇಡ, ಅದು "ಆಯ್ತು, ಸಾಕು" ಅಂದ ಹಾಗೆ. ಗುಲಾಬಿಗೆ ಗುಲಾಬಿ ಬೇಕಿಲ್ಲ. ನಿಮ್ಮ ಬಾಲ್ಕನಿಯಿಂದ ಕಾಣೋ ಮೋಡ, ಇವತ್ತಿನ ತಟ್ಟೆಯಲ್ಲಿರೋ ಅವಲಕ್ಕಿ, ಇಂಥ ಒಂದು ಫೋಟೋ ಸಾಕು, ಅವರಿಗೆ ಮಾತ್ರ, ಗ್ರೂಪಿಗಲ್ಲ. ಟೈಪ್ ಮಾಡೋಕೆ ಬೇಜಾರಾದ್ರೆ ಮೈಕ್ ಒತ್ತಿ "ತಿಂಡಿ ಆಯ್ತಾ?" ಅನ್ನಿ. ಎರಡು ಸೆಕೆಂಡು.

ಹಾಂ, ಆ "ಶುಭೋಧಯ". ಶುಭ ಮತ್ತು ಉದಯ ಸೇರಿದ್ರೆ ಗುಣಸಂಧಿ, ಶುಭೋದಯ. ದಕಾರಕ್ಕೆ ಮಹಾಪ್ರಾಣ ಬರೋಕೆ ಕಾರಣವೇ ಇಲ್ಲ. ಇದನ್ನ ಗ್ರೂಪಲ್ಲಿ ತಿದ್ದೋಕೆ ಹೋಗಬೇಡಿ, 64 ಜನರ ಮುಂದೆ ದೊಡ್ಡಮ್ಮನಿಗೆ ಸಂಧಿ ಪಾಠ ಬೇಡ. ನೀವೇ ಸರಿಯಾಗಿ ಬರೆದ ಒಂದು ಚಿತ್ರ ಮಾಡಿ, ಮೇಲೆ ದೊಡ್ಡ ಗುಲಾಬಿ ಇಟ್ಟು, ಅವರೊಬ್ಬರಿಗೆ ಕಳಿಸಿ. ಒಂದು ವಾರದೊಳಗೆ ಅದು ಬೇರೆ ಮೂರು ಗ್ರೂಪಿಂದ ನಿಮಗೇ ವಾಪಸ್ ಬರುತ್ತೆ.