ಬಾನೆಟ್ಟಿನ ಮೇಲೆ ಅಂಗೈ

ಕೇಳುಗರಿಗೆಲ್ಲ ನಮಸ್ಕಾರ. ಹಳೆಯ ಐಷಾರಾಮಿ ಕಾರು ಕೊಳ್ಳುವ ಮೊದಲು ಏನೇನು ನೋಡಬೇಕು, ಅದರ ಬಗ್ಗೆ ಹತ್ತು ನಿಮಿಷ ಮಾತನಾಡಿ ಎಂದು ನನ್ನನ್ನು ಇಲ್ಲಿ ಕೂರಿಸಿದ್ದಾರೆ. ನಾನು ಭಾಷಣದವನಲ್ಲ, ಸ್ಪ್ಯಾನರ್ ಹಿಡಿಯುವವನು. ಹದಿನಾರನೆಯ ವಯಸ್ಸಿನಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಓಣಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಈಗ ವಿಲ್ಸನ್ ಗಾರ್ಡನ್ನಿನಲ್ಲಿ ನನ್ನದೇ ಗ್ಯಾರೇಜು ಇದೆ. ಅಲ್ಲಿಗೆ ಬರುವ ದೊಡ್ಡ ಗಾಡಿಗಳಲ್ಲಿ ಅರ್ಧಕ್ಕರ್ಧ, ಕೊಂಡು ಮೂರು ತಿಂಗಳೂ ತುಂಬದವು. ಕೊಳ್ಳುವ ಮೊದಲು ತೋರಿಸಬೇಕಾದ ಗಾಡಿಯನ್ನು ಜನ ಕೊಂಡ ಮೇಲೆ ತಂದು ತೋರಿಸುತ್ತಾರೆ. ನಾನು ಏನು ಹೇಳಲಿ?

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ರೇಡಿಯೊ ಆರಿಸಿದರೂ ನನಗೆ ಬೇಸರವಿಲ್ಲ. ಗಾಡಿ ನೋಡಲು ಬೆಳಿಗ್ಗೆ ಹೋಗಿ. ಅದು ರಾತ್ರಿಯಿಡೀ ನಿಂತು ತಣ್ಣಗಾಗಿರಬೇಕು. ಹೋದವರು ಮಾತಿಗೆ ನಿಲ್ಲುವ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡಿ. ಬಿಸಿಯಿದ್ದರೆ, ಅವರು ಕೊಟ್ಟ ಕಾಫಿ ಕುಡಿದು ಮನೆಗೆ ಬನ್ನಿ. ಅಷ್ಟೇ.

ಈಗ ರೇಡಿಯೊ ಕೇಳುತ್ತಿರುವವರು ಯಾರೆಂದು ನಾನು ಊಹಿಸಬಲ್ಲೆ. ಹತ್ತು ಹನ್ನೆರಡು ವರ್ಷ ಒಂದು ಸಣ್ಣ ಕಾರನ್ನು ಮಗುವಿನ ಹಾಗೆ ನೋಡಿಕೊಂಡವರು. ನಿವೃತ್ತಿಯ ಹಣ ಬಂದಿದೆ, ಅಥವಾ ಮಗನಿಗೆ ಒಳ್ಳೆಯ ಕೆಲಸ ಸಿಕ್ಕಿದೆ. ಐವತ್ತು ಲಕ್ಷಕ್ಕೆ ಮಾರಾಟವಾಗಿದ್ದ ಜರ್ಮನ್ ಗಾಡಿ ಒಂಬತ್ತು ಲಕ್ಷಕ್ಕೆ ಸಿಗುತ್ತದೆ ಎಂದು ಯಾರೋ ಹೇಳಿದ್ದಾರೆ. ಹೊಸ ಸಣ್ಣ ಕಾರಿನ ಬೆಲೆಗೆ ತೊಗಲಿನ ಸೀಟು! ಅದರ ಮೇಲೆ, ಇಲ್ಲಿಯೇ ನೋಂದಣಿಯಾದ ಗಾಡಿಗೆ ಮೊದಲ ಮಾಲೀಕರೇ ಜೀವಿತಾವಧಿ ತೆರಿಗೆ ಕಟ್ಟಿರುತ್ತಾರೆ. ಕರ್ನಾಟಕದಲ್ಲಿ ಇಪ್ಪತ್ತು ಲಕ್ಷ ದಾಟಿದ ಕಾರಿಗೆ ಅದು ಶೇಕಡಾ 18, ಸೆಸ್ ಬೇರೆ. ಅದೆಲ್ಲ ಉಳಿಯಿತು ಎನ್ನುವ ಖುಷಿ ನಿಮಗೆ. ಸರಿ, ಖುಷಿಪಡಿ. ಆದರೆ ಇಳಿದಿರುವುದು ಗಾಡಿಯ ಬೆಲೆ ಮಾತ್ರ. ಅದರ ಬಿಡಿಭಾಗಗಳು ಇವತ್ತಿಗೂ ಐವತ್ತು ಲಕ್ಷದ ಗಾಡಿಯ ಬಿಡಿಭಾಗಗಳೇ.

ಇದಕ್ಕೆ ರಾಯರ ಕಥೆ ಹೇಳಬೇಕು.

ಬಸವನಗುಡಿಯವರು, ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ಅವರ ಹಳೆಯ ಗಾಡಿಯನ್ನು ಹದಿನೈದು ವರ್ಷ ನಾನೇ ನೋಡಿಕೊಂಡಿದ್ದೇನೆ. ಒಂದು ಶನಿವಾರ ಫೋನ್ ಮಾಡಿ, "ಒಂದು ಜರ್ಮನ್ ಡೀಸೆಲ್ ಗಾಡಿ ನೋಡಿದ್ದೇನಪ್ಪಾ, ಹನ್ನೆರಡು ವರ್ಷದ್ದು, ಮುತ್ತಿನ ಹಾಗಿದೆ. ಮುಹೂರ್ತ ಹನ್ನೊಂದು ಗಂಟೆಗೆ, ನೀನು ಬಂದು ಒಂದು ಸಲ ಕಣ್ಣಾಡಿಸಿಬಿಡು" ಎಂದರು. ಕಣ್ಣಾಡಿಸುವುದು! ನಾನು ಹೋಗುವ ಹೊತ್ತಿಗೆ ಅವರು ಆಗಲೇ ಗಾಡಿಯ ಪಕ್ಕ ನಿಂತಿದ್ದರು. ಜೇಬಿನಲ್ಲಿ ಟೋಕನ್ ಅಡ್ವಾನ್ಸಿನ ಹಣ. ಕೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಎಣಿಸಿ ತಂದ ನಾಲ್ಕು ನಿಂಬೆಹಣ್ಣು, ಚಕ್ರಕ್ಕೊಂದರ ಹಾಗೆ.

ಗಾಡಿ ಫಳಫಳ ಹೊಳೆಯುತ್ತಿತ್ತು. ಟೈರಿಗೂ ಪಾಲಿಷ್. ಎಂಜಿನ್ ಓಡುತ್ತಲೇ ಇತ್ತು. ಮಾರುವ ಪುಣ್ಯಾತ್ಮರು ಬಾಗಿಲು ತೆರೆದು, "ಬಿಸಿಲು ನೋಡಿ, ನಿಮಗಾಗಿ ಎಸಿ ಹಾಕಿ ಒಳಗೆ ತಣ್ಣಗೆ ಮಾಡಿಟ್ಟಿದ್ದೇನೆ" ಎಂದರು. ನಾನು ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ದೋಸೆ ಹಾಕಬಹುದಿತ್ತು. ಒಳಗೆ ತಣ್ಣಗೆ ಮಾಡಿದ್ದಾರೆ, ನನಗೆ ತಣ್ಣಗೆ ಬೇಕಾಗಿದ್ದದ್ದು ಹೊರಗೆ.

"ನಾಳೆ ಬರುತ್ತೇವೆ" ಎಂದೆ. ರಾಯರ ಮುಖ ನೋಡಬೇಕಿತ್ತು. ನಾಳೆ ಅಮಾವಾಸ್ಯೆಯಂತೆ. ಬೇರೆ ಯಾರೋ ಸಂಜೆಗೆ ಬರುತ್ತಾರಂತೆ. ಈ ಸಂಜೆಗೆ ಬರುವ ಬೇರೆಯವರನ್ನು ನನ್ನ ಇಷ್ಟು ವರ್ಷದ ಕಸುಬಿನಲ್ಲಿ ನಾನು ಒಮ್ಮೆಯೂ ಕಂಡಿಲ್ಲ. ದಾರಿಯುದ್ದಕ್ಕೂ ರಾಯರು ನನ್ನೊಡನೆ ಮಾತನಾಡಲಿಲ್ಲ.

ಮರುದಿನ ಹತ್ತು ಗಂಟೆಗೆ ಬರುತ್ತೇವೆ ಎಂದು ಹೇಳಿ, ಆರೂವರೆಗೇ ಹೋದೆವು. ಇದು ಮೋಸವೇ, ಒಪ್ಪುತ್ತೇನೆ. ಕಾವಲಿನವನು ಇನ್ನೂ ಮಫ್ಲರ್ ಬಿಚ್ಚಿರಲಿಲ್ಲ. ನೆಲಮಾಳಿಗೆಗೆ ಇಳಿದು ನೋಡಿದರೆ, ನಿನ್ನೆಯ ಮುತ್ತು ಎಡ ಮುಂಗಾಲು ಮಡಚಿಕೊಂಡು ಮಲಗಿದೆ. ಆ ಚಕ್ರದ ಮೇಲರ್ಧ ಮಡ್‌ಗಾರ್ಡಿನೊಳಗೆ ಹೂತುಹೋಗಿತ್ತು. ಉಳಿದ ಮೂರು ಕಡೆ ನಾಲ್ಕು ಬೆರಳು ತೂರುವಷ್ಟು ಜಾಗವಿದ್ದರೆ, ಅಲ್ಲಿ ಒಂದು ಬೆರಳೂ ತೂರಲಿಲ್ಲ. ದೊಡ್ಡ ಗಾಡಿಗಳಲ್ಲಿ ಹಲವಕ್ಕೆ ಕಬ್ಬಿಣದ ಸ್ಪ್ರಿಂಗ್ ಇರುವುದಿಲ್ಲ, ಗಾಳಿ ತುಂಬಿದ ರಬ್ಬರಿನ ಚೀಲವಿರುತ್ತದೆ. ವಯಸ್ಸಾದಂತೆ ರಬ್ಬರ್ ಬಿರಿಯುತ್ತದೆ, ರಾತ್ರಿಯೆಲ್ಲ ಗಾಳಿ ಸೋರುತ್ತದೆ, ಬೆಳಿಗ್ಗೆ ಗಾಡಿ ಕುಸಿದಿರುತ್ತದೆ.

ಮಾಲೀಕರು ಪಂಚೆಯಲ್ಲೇ ಓಡಿ ಬಂದರು. ಕೀಲಿ ತಿರುಗಿಸಿದರು. ಡಬ್ಬದಲ್ಲಿ ಕಡಲೆಕಾಯಿ ಹಾಕಿ ಅಲ್ಲಾಡಿಸಿದಂತೆ ಮೂರು ಸೆಕೆಂಡ್ ಒಂದು ಸದ್ದು, ಆಮೇಲೆ ನಿಶ್ಶಬ್ದ. ಹಿಂದೆಯೇ ಕಂಪ್ರೆಸರ್ ಗುಂಯ್ ಎಂದು ಶುರುವಾಯಿತು. ಮಲಗಿದ್ದ ಎಮ್ಮೆ ಏಳುವ ಹಾಗೆ ಗಾಡಿ ನಿಧಾನವಾಗಿ ಎದ್ದು ನಿಂತಿತು. ಎರಡು ನಿಮಿಷ ಕಳೆದ ಮೇಲೆ ನೋಡಿದ್ದರೆ ನಿನ್ನೆಯ ಮುತ್ತೇ. ರಾಯರು ನನ್ನ ಕಿವಿಯಲ್ಲಿ, "ಸದ್ದು ನಿಂತಿತಲ್ಲಪ್ಪಾ!" ಎಂದರು.

ನಿಂತದ್ದೇ ತೊಂದರೆ, ಸ್ವಾಮಿ. ಆ ಕಡಲೆಕಾಯಿ ಸದ್ದು ಟೈಮಿಂಗ್ ಚೈನಿನದು, ಎಂಜಿನ್ನಿನ ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಸರಪಳಿ ಅದು. ಅದನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಆಯಿಲ್‌ನ ಒತ್ತಡದಿಂದ ಕೆಲಸ ಮಾಡುತ್ತದೆ. ಸವೆದ ಗಾಡಿಯಲ್ಲಿ ರಾತ್ರಿ ಆಯಿಲ್ ಕೆಳಗಿಳಿದುಬಿಡುತ್ತದೆ, ಬೆಳಿಗ್ಗೆ ಒತ್ತಡ ಬರುವವರೆಗೆ ಸಡಿಲವಾದ ಚೈನು ಬಡಿದುಕೊಳ್ಳುತ್ತದೆ. ಬಿಸಿ ಎಂಜಿನ್ನಿನಲ್ಲಿ ಆಯಿಲ್ ಮೇಲೆಯೇ ಇರುವುದರಿಂದ ಸದ್ದೇ ಇಲ್ಲ. ಚೈನು ತುಂಡಾದರೆ ಅಥವಾ ಹಲ್ಲು ಜಾರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ, ಎಂಜಿನ್ ಗುಜರಿಗೆ. ಆ ಗಾಳಿಯ ಚೀಲವಿರುವ ಸ್ಟ್ರಟ್ ಒಂದಕ್ಕೇ ಲಕ್ಷ ರೂಪಾಯಿಯ ಆಸುಪಾಸು. ಚೈನಿನ ಕೆಲಸಕ್ಕೆ ಆ ಗಾಡಿಯಲ್ಲಿ ಎಂಜಿನ್ ಕೆಳಗಿಳಿಸಬೇಕು. ನೆಲಮಾಳಿಗೆಯಲ್ಲೇ ನಿಂತು ಬೆರಳಲ್ಲಿ ಎಣಿಸಿ ತೋರಿಸಿದೆ. ರಾಯರು ಬ್ಯಾಂಕಿನವರು, ಲೆಕ್ಕ ಬೇಗ ಅರ್ಥವಾಯಿತು. ಆ ನಿಂಬೆಹಣ್ಣು ಅವತ್ತು ಮಧ್ಯಾಹ್ನ ಚಿತ್ರಾನ್ನಕ್ಕೆ ಹೋಯಿತು ಎಂದು ಆಮೇಲೆ ಅವರ ಮನೆಯವರು ಹೇಳಿದರು.

ತಣ್ಣಗಿರುವ ಗಾಡಿ ಸುಳ್ಳು ಹೇಳಲಾರದು. ವಾಲ್ವ್ ಸೀಲು ಸವೆದಿದ್ದರೆ ರಾತ್ರಿ ತೊಟ್ಟಿಕ್ಕಿದ ಆಯಿಲ್ ಮೊದಲ ಸ್ಟಾರ್ಟಿಗೆ ನೀಲಿ ಹೊಗೆಯಾಗಿ ಬರುತ್ತದೆ. ಒಬ್ಬರು ಕೀಲಿ ತಿರುಗಿಸಲಿ, ನೀವು ಸೈಲೆನ್ಸರಿನ ಹಿಂದೆ ನಿಂತಿರಿ. ಎಂಜಿನ್ ತಂಪಾಗಿಡುವ ದ್ರವದ, ಅಂದರೆ ಕೂಲೆಂಟಿನ, ಡಬ್ಬದ ಮುಚ್ಚಳ ತೆಗೆಯಬಹುದಾದದ್ದೂ ತಣ್ಣಗಿರುವಾಗ ಮಾತ್ರ. ಬಿಸಿಯಲ್ಲಿ ತೆಗೆದರೆ ಮುಖಕ್ಕೆ ಹಾರುತ್ತದೆ, ದಯವಿಟ್ಟು ಆ ಸಾಹಸ ಬೇಡ. ಒಳಗೆ ಎಣ್ಣೆಯ ಪದರ ಕಂಡರೆ ಅಲ್ಲಿಂದ ಹೊರಡಿ. ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಡ್ರೈವಿಗೆ ಹಾಕಿದಾಗ ಯಾರೋ ಹಿಂದಿನಿಂದ ಗುದ್ದಿದ ಹಾಗಾದರೆ, ಅದೂ ತಣ್ಣಗಿರುವಾಗಲೇ ಹೆಚ್ಚು ತಿಳಿಯುತ್ತದೆ. ಅದರ ಆಯಿಲ್ ಜೀವಮಾನವಿಡೀ ಬದಲಿಸಬೇಕಿಲ್ಲ ಎಂದು ಮಾರುವವರು ಹೇಳುತ್ತಾರೆ. ಯಾರ ಜೀವಮಾನ? ಅನೇಕ ಜರ್ಮನ್ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜೆಡ್‌ಎಫ್ ಕಂಪನಿಯೇ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರ್ ಒಳಗೆ ಬದಲಿಸಿ ಎನ್ನುತ್ತದೆ. ಬದಲಿಸಿದ ಬಿಲ್ಲು ಕೇಳಿ.

ನನ್ನ ಕಥೆ ಉದ್ದವಾಯಿತು, ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

"ಬರೀ ಅರವತ್ತು ಸಾವಿರ ಓಡಿದೆ" ಎನ್ನುವ ಮಾತಿಗೆ ಕಿವಿ ಕೊಡಬೇಡಿ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ನಿಂತ ಎಂಜಿನ್ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಹೆದ್ದಾರಿಯ ಗಾಡಿ ಬಿಡದಿ ತಲುಪಿರುತ್ತದೆ. ಮೀಟರ್ ತಿರುಗಿಸುವವರೂ ಇದ್ದಾರೆ. ಮೀಟರ್ ಬಿಟ್ಟು ಬ್ರೇಕ್ ಪೆಡಲಿನ ರಬ್ಬರ್ ನೋಡಿ, ಚಾಲಕನ ಸೀಟಿನ ಬಲ ಅಂಚು ನೋಡಿ. ಅರವತ್ತು ಸಾವಿರಕ್ಕೆ ರಬ್ಬರಿನ ಗೆರೆ ಅಳಿಸಿಹೋಗುವುದಿಲ್ಲ. ಟೈರಿನ ವಯಸ್ಸನ್ನೂ ನೋಡಿ. ಅದರ ಪಕ್ಕದಲ್ಲಿ ಒಂದು ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ 2019ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದ ಟೈರು.

ಇನ್ನು ನೀರು. 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ನೆಲಮಾಳಿಗೆಗಳಲ್ಲಿ ಎಂಥೆಂಥ ಗಾಡಿಗಳು ಮುಳುಗಿದವು, ನೀವೇ ಟಿವಿಯಲ್ಲಿ ನೋಡಿದ್ದೀರಿ. ಮುಳುಗಿದ ಗಾಡಿಗಳೆಲ್ಲ ಗುಜರಿಗೆ ಹೋಗಲಿಲ್ಲ. ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸೀಟು ತೊಳೆಯುತ್ತಾರೆ, ಮ್ಯಾಟ್ ಬದಲಿಸುತ್ತಾರೆ, ಬೆಲ್ಟಿನ ಕೊನೆಯ ಒಂದು ಅಡಿಯನ್ನು ಯಾರೂ ತೊಳೆಯುವುದಿಲ್ಲ. ಅಲ್ಲಿ ಮಣ್ಣಿನ ಗೆರೆ ಇರುತ್ತದೆ.

ಕಾಗದಪತ್ರ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳ ಮೇಲೆ ನಿರ್ಬಂಧ ಬಂದಾಗಿನಿಂದ ಅಲ್ಲಿಯ ಗಾಡಿಗಳು ಅಗ್ಗಕ್ಕೆ ಇಲ್ಲಿಗೆ ಬರುತ್ತಿವೆ. ಅಂಥದ್ದನ್ನು ತಂದರೆ ಅಲ್ಲಿಯ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಬೇಕು, ಇಲ್ಲಿ ಮತ್ತೆ ನೋಂದಣಿಯಾಗಬೇಕು, ಗಾಡಿಯ ವಯಸ್ಸು ನೋಡಿ ಜೀವಿತಾವಧಿ ತೆರಿಗೆಯನ್ನೂ ಕಟ್ಟಬೇಕು. ಅಗ್ಗ ಎಲ್ಲಿ ಹೋಯಿತು ಎಂದು ಆಮೇಲೆ ನನ್ನನ್ನು ಕೇಳಬೇಡಿ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ನಮೂದಾಗಿದ್ದರೆ ಅದನ್ನು ತೆಗೆಸಿದ ಮೇಲೆಯೇ ಹಣ ಕೊಡಿ. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿಯಾಗದೆ ಕೀಲಿ ತೆಗೆದುಕೊಳ್ಳಬೇಡಿ. ಸಂಚಾರ ಪೊಲೀಸರ ದಂಡ ಎಷ್ಟು ಬಾಕಿಯಿದೆ ಎಂದು ನಂಬರ್ ಹಾಕಿ ಮೊಬೈಲಿನಲ್ಲೇ ನೋಡಬಹುದು. ಕೆಲವು ಗಾಡಿಗಳ ದಂಡದ ಪಟ್ಟಿ ಮದುವೆಯ ಸಾಮಾನಿನ ಪಟ್ಟಿಗಿಂತ ಉದ್ದವಿರುತ್ತದೆ.

ಇದೆಲ್ಲ ಮರೆತರೂ ಪರವಾಗಿಲ್ಲ. ಬೆಳಿಗ್ಗೆ ಹೋಗಿ, ಅಂಗೈ ಇಡಿ.

ರಾಯರು ಏನು ಕೊಂಡರು ಎಂದು ಹೇಳದೆ ಎದ್ದರೆ ನೀವು ಬೈಯುತ್ತೀರಿ. ನಾಲ್ಕು ತಿಂಗಳ ಮೇಲೆ ಮಲ್ಲೇಶ್ವರದಲ್ಲಿ ಒಬ್ಬ ವೈದ್ಯರ ಜಪಾನಿ ಪೆಟ್ರೋಲ್ ಗಾಡಿ ಸಿಕ್ಕಿತು. ಬೆಳಿಗ್ಗೆ ಆರೂವರೆಗೆ ನನಗಿಂತ ಮೊದಲೇ ರಾಯರು ಅಲ್ಲಿದ್ದರು. ನಾನು ಗೇಟು ದಾಟುವಷ್ಟರಲ್ಲಿ ಅಂಗೈಯನ್ನು ಬಾನೆಟ್ಟಿನ ಮೇಲಿಟ್ಟು, ಕಣ್ಣು ಮುಚ್ಚಿ ನಿಂತಿದ್ದಾರೆ. ವೈದ್ಯರು ಹಲ್ಲುಜ್ಜುವ ಬ್ರಷ್ಷು ಹಿಡಿದು ವರಾಂಡಾಕ್ಕೆ ಬಂದು ಒಂದು ಕ್ಷಣ ನೋಡಿ, "ಜ್ವರ ಇದೆಯೇ?" ಎಂದು ಕೇಳಿದರು. "ಇಲ್ಲ ಡಾಕ್ಟ್ರೇ, ತಣ್ಣಗಿದೆ" ಎಂದರು ರಾಯರು, ಕಣ್ಣು ತೆರೆಯದೆ.

ನಮಸ್ಕಾರ.